ಕಡತದ ಕಪ್ಪು: ಮನೆಯ ತಿಳಿವಿನ ಚರಿತ್ರೆಗೊಂದು ಪ್ರವೇಶ

೧

ಕನ್ನಡದ ಆಡಳಿತ ಭಾಷೆಯಲ್ಲಿ ‘ಕಡತ’ ಎಂಬ ಮಾತು ಇಂದು ಫೈಲ್ ಎಂಬುದಕ್ಕೆ ಸಮಾನಾರ್ಥಕವಾಗಿ ನೆಲೆಗೊಂಡಿದೆ. ಕಡತ ಮಂಡಿಸುವುದು, ಕಡತ ವಿಲೇವಾರಿ ಮಾಡುವುದು, ಕಡತ ಕಾಣೆಯಾಗುವುದು ಇವೆಲ್ಲ ಕಚೇರಿಯ ನಿತ್ಯದ ನುಡಿಗಟ್ಟುಗಳು. ಗಣಕಯಂತ್ರ ಬಂದ ಮೇಲೂ ಪದ ಅಳಿಯಲಿಲ್ಲ. ಯಂತ್ರದೊಳಗಿನ ಅಗೋಚರ ದಾಖಲೆಗೂ ಅದೇ ಹೆಸರು ಸಂದಿತು. ಆದರೆ ಈ ಪದ ಒಂದು ಕಾಲಕ್ಕೆ ಬಟ್ಟೆ, ಹುಣಸೆಬೀಜದ ಅಂಟು ಮತ್ತು ಇದ್ದಿಲು, ಈ ಮೂರರಿಂದ ತಯಾರಾಗುತ್ತಿದ್ದ ಒಂದು ಬರೆಯುವ ಹಾಳೆಯ ಹೆಸರಾಗಿತ್ತೆಂಬುದು ಅದನ್ನು ದಿನವೂ ಬಳಸುವವರಲ್ಲಿ ಹೆಚ್ಚಿನವರಿಗೆ ತಿಳಿಯದು. ಪದ ಉಳಿದಿದೆ, ಪದಾರ್ಥ ಹೋಗಿದೆ.

ಅಗ್ಗದ, ಸುಲಭದ, ಮನೆಯ ಸಾಮಗ್ರಿಯಿಂದಲೇ ಆಗುವ ಕೆಲಸಗಳ ತಿಳಿವು ನಮ್ಮ ಚರಿತ್ರೆಯ ಆಕರಗಳಲ್ಲಿ ಯಾವಾಗ, ಯಾರಿಂದ, ಯಾವ ಕಾರಣಕ್ಕಾಗಿ ದಾಖಲಾಗುತ್ತದೆ ಎಂಬ ಪ್ರಶ್ನೆಯನ್ನು ಕಡತದ ನಿದರ್ಶನದ ಮೂಲಕ ಎತ್ತುವುದು ಪ್ರಸ್ತುತ ಲೇಖನದ ಉದ್ದೇಶ. ಅಡುಗೆಯ ವಿಧಾನವೂ ಅಂಟು ಕಾಯಿಸುವ ವಿಧಾನವೂ ಇಲ್ಲಿ ಒಂದೇ ಬಗೆಯ ತಿಳಿವೆಂದು ಭಾವಿಸಲಾಗಿದೆ. ಎರಡಕ್ಕೂ ಒಲೆ ಒಂದೇ, ಪಾತ್ರೆ ಒಂದೇ, ಹದ ನೋಡುವ ಕೈಯೂ ಒಂದೇ.

೨

ಕಡತದ ವಿವರವಾದ ವರ್ಣನೆಯನ್ನು ಕೊಟ್ಟವರಲ್ಲಿ ಮಾರ್ಕ್ ವಿಲ್ಕ್ಸ್ ಪ್ರಮುಖನು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಈತ ೧೮೧೦ರಲ್ಲಿ ಪ್ರಕಟವಾದ ತನ್ನ ದಕ್ಷಿಣ ಭಾರತದ ಇತಿಹಾಸದ ಮೊದಲ ಸಂಪುಟದಲ್ಲಿ ತಾನು ಬಳಸಿದ ಆಕರಗಳನ್ನು ಪರಿಚಯಿಸುವಾಗ ಕಡತದ ಪ್ರಸ್ತಾಪ ಮಾಡುತ್ತಾನೆ. ಆತನ ಪ್ರಕಾರ ಅದು ಎಂಟು ಅಂಗುಲದಿಂದ ಒಂದು ಅಡಿಯವರೆಗೆ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಯ ಪಟ್ಟಿ. ಅದರ ಎರಡೂ ಮೈಗೆ ಅಂಟು ಮತ್ತು ಇದ್ದಿಲ ಪುಡಿಯ ಮಿಶ್ರಣವನ್ನು ಚಾತುರ್ಯದಿಂದ ಬಳಿದು ಒಣಗಿಸಿ, ಕತ್ತರಿಸದೆ ಸಮನಾದ ಮಡಿಕೆಗಳಾಗಿ ಮಡಿಸಿ, ಎರಡು ತುದಿಗಳಿಗೆ ಮರದ ಹಲಗೆಗಳನ್ನು ಸೇರಿಸುತ್ತಿದ್ದರು. ಅದರ ಮೇಲೆ ಬರೆಯುತ್ತಿದ್ದುದು ಬಳಪದಿಂದ. ಬರೆದುದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಹೀಗೆ ಅಳಿಸಲು ಬರುವಂಥದಾದರೂ ಕಾಗದ ಮತ್ತು ಓಲೆಗಳಿಗಿಂತ ಅದು ಹೆಚ್ಚು ಬಾಳುವಂಥದೆಂಬ ಅಭಿಪ್ರಾಯವೂ ಆತನಲ್ಲಿದೆ.

ಆ ಅಂಟು ಯಾವುದೆಂಬುದನ್ನು ೧೮೯೬ರಲ್ಲಿ ಪ್ರಕಟವಾದ ಬ್ಯೂಲರನ ಭಾರತೀಯ ಲಿಪಿಶಾಸ್ತ್ರದ ಗ್ರಂಥ ಸ್ಪಷ್ಟಪಡಿಸುತ್ತದೆ. ಕನ್ನಡದ ವರ್ತಕರು ತಮ್ಮ ಲೆಕ್ಕದ ಪುಸ್ತಕಗಳಿಗೆ ಹುಣಸೆಬೀಜದ ಸರಿ ಬಳಿದು ಇದ್ದಿಲಿನಿಂದ ಕಪ್ಪಾಗಿಸಿದ ಬಟ್ಟೆಯನ್ನು ಬಳಸುತ್ತಾರೆಂದು ಆತ ಹೇಳುತ್ತಾನೆ. ಶೃಂಗೇರಿ ಮಠದಲ್ಲಿ ದೊರೆತ, ಎರಡು ಮೂರು ಶತಮಾನಗಳಷ್ಟು ಹಳೆಯ ಕಡತಗಳನ್ನು ಮೈಸೂರು ಪುರಾತತ್ವ ಇಲಾಖೆ ೧೯೧೬ರ ವರದಿಯಲ್ಲಿ ಪರಿಚಯಿಸಿತು. ಓಝಾ ಅವರು ತಮ್ಮ ಹಿಂದಿ ಗ್ರಂಥವಾದ ‘ಭಾರತೀಯ ಪ್ರಾಚೀನ ಲಿಪಿಮಾಲಾ’ದ ೧೯೧೮ರ ಆವೃತ್ತಿಯಲ್ಲಿ ಈ ಸಂಗತಿಯನ್ನು ಉತ್ತರ ಭಾರತದ ಓದುಗರಿಗೆ ತಿಳಿಸಿದರು. ಬ್ರೌನನ ತೆಲುಗು ನಿಘಂಟಿನಲ್ಲಿ (೧೮೫೨) ‘ಕಡಿತಮು’ ಎಂಬ ಪದವೂ, ಕಿಟೆಲ್ಲರ ಕನ್ನಡ ನಿಘಂಟಿನಲ್ಲಿ (೧೮೯೪) ‘ಕಡತ’ವೂ ಈ ಕಪ್ಪು ಬಟ್ಟೆಯ ಅರ್ಥದಲ್ಲಿಯೇ ದಾಖಲಾಗಿವೆ. ಹೀಗಾಗಿ ವಸ್ತು ಕೇವಲ ಮೈಸೂರು ಸೀಮೆಗೆ ಸೇರಿದುದಲ್ಲ. ತೆಲುಗು ನಾಡಿನೊಡನೆಯೂ ಅದನ್ನು ಹಂಚಿಕೊಂಡಿದ್ದೆವು.

ಪದದ ಪ್ರಾಚೀನತೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿಯ ಉಲ್ಲೇಖವಿದೆ. ಲೆಕ್ಕಪತ್ರಗಳ ಮೇಲ್ವಿಚಾರಣೆ ಆತನ ಹೊಣೆ. ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ವಸ್ತುವೂ ಒಂದೇ ಎಂದು ನಿರ್ಣಯಿಸುವುದು ಸರಿಯಲ್ಲ. ಶಾಸನ ಅಧಿಕಾರಿಯ ಪದವಿಯನ್ನು ಹೇಳುತ್ತದೆಯೇ ಹೊರತು ಆತನ ಮುಂದಿದ್ದ ಬಟ್ಟೆಗೆ ಏನು ಬಳಿದಿತ್ತೆಂಬುದನ್ನು ಹೇಳುವುದಿಲ್ಲ. ಅಲೆಗ್ಸಾಂಡರನ ನೌಕಾಪತಿ ನಿಯಾರ್ಕಸ್ ಭಾರತೀಯರು ಚೆನ್ನಾಗಿ ಬಡಿದು ಹದಮಾಡಿದ ಬಟ್ಟೆಯ ಮೇಲೆ ಪತ್ರ ಬರೆಯುತ್ತಾರೆಂದು ಹೇಳಿದುದನ್ನು ಸ್ಟ್ರಾಬೊ ಉದ್ಧರಿಸಿದ್ದಾನೆ. ಅದನ್ನೂ ಕಡತದ ಪೂರ್ವರೂಪವೆಂದು ಒಪ್ಪುವ ಮುನ್ನ ಇದೇ ಎಚ್ಚರ ಅಗತ್ಯ.

೩

ಇನ್ನು ತಯಾರಿಕೆಯ ಕಡೆ ಗಮನ ಹರಿಸಬಹುದು. ಬೇಸಿಗೆಯ ಮೊದಲಿಗೆ ಹುಣಸೆಹಣ್ಣನ್ನು ಕುಟ್ಟಿ, ನಾರು ತೆಗೆದು, ಬೀಜ ಬೇರ್ಪಡಿಸಿ, ಉಪ್ಪು ಸೇರಿಸಿ ವರ್ಷಕ್ಕಾಗುವಷ್ಟು ತುಂಬಿಡುವುದು ದಕ್ಷಿಣದ ಮನೆಗಳ ವಾಡಿಕೆಯ ಕೆಲಸ. ಈ ಕೆಲಸದಲ್ಲಿ ಉಳಿಯುವ ರಾಶಿಯೇ ಬೀಜ. ಮಕ್ಕಳು ಅದನ್ನು ಕಲ್ಲಿಗೆ ಉಜ್ಜಿ ಒಂದು ಮೈ ಬಿಳಿಯಾಗಿಸಿ ಚೌಕಾಬಾರಕ್ಕೆ ದಾಳವಾಗಿ ಬಳಸುವುದುಂಟು. ಹುರಿದು ತಿನ್ನುವುದೂ ಉಂಟು. ಅಂಟಿಗೆ ಬೇಕಾದಾಗ ಬೀಜವನ್ನು ಹುರಿದು ಕೆಂಪು ಸಿಪ್ಪೆ ಕಳೆದು, ಒಳಗಿನ ಪಪ್ಪನ್ನು ನೆನೆಸಿ, ಅರೆದು, ನೀರಿನಲ್ಲಿ ಕೈಬಿಡದೆ ತಿರುವುತ್ತ ಕುದಿಸುತ್ತಾರೆ. ಗಂಜಿ ಗಟ್ಟಿಯಾಗುವಂತೆ ಅದು ಗಟ್ಟಿಯಾಗಿ ಹೊಳಪಿನ ಸರಿಯಾಗುತ್ತದೆ. ಪಪ್ಪಿನಲ್ಲಿರುವ ಕ್ಸೈಲೋಗ್ಲುಕಾನ್ ಎಂಬ ಬಹುಶರ್ಕರ ಬಿಸಿನೀರಿನಲ್ಲಿ ಉಬ್ಬಿ ಸ್ನಿಗ್ಧವಾಗುವುದೂ, ಒಣಗಿದಾಗ ತೆಳುವಾದ ಪೊರೆಯಾಗಿ ನೂಲಿಗೆ ಹಿಡಿದುಕೊಳ್ಳುವುದೂ ಇದಕ್ಕೆ ಕಾರಣ. ಇದೇ ಗುಣಕ್ಕಾಗಿ ಹತ್ತಿ ಮತ್ತು ಸೆಣಬಿನ ಗಿರಣಿಗಳೂ ಹುಣಸೆಬೀಜದ ಪುಡಿಯನ್ನು ನೂಲಿಗೆ ಗಂಜಿಯಾಗಿ ಬಳಸಿವೆ.

ಈ ಸರಿ ಹಲವು ಕಸುಬುಗಳಿಗೆ ಸಾಮಾನ್ಯವಾದುದು. ಕಂಬಳಿ ನೇಯುವವರು ಉಣ್ಣೆಯ ಹಾಸುನೂಲಿಗೆ ಇದನ್ನೇ ಬಳಿಯುತ್ತಾರೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಮರದ ಬೊಂಬೆಯ ಭಾಗಗಳನ್ನು ಜೋಡಿಸಲು ಬಳಸುವ ‘ಕಿಟ್ಟ’ದಲ್ಲಿ ಇದೇ ಅಂಟಿದೆ. ಕರ್ನಾಟಕದ ಹೊರಗೆ ತೆಲಂಗಾಣದ ಚೇರ್ಯಾಲದ ಕಥಾಚಿತ್ರಪಟಗಳ ಬಟ್ಟೆಗೆ ಸುದ್ದೆಮಣ್ಣಿನೊಡನೆಯೂ, ಒಡಿಶಾದ ಪಟಚಿತ್ರಗಳ ಹಳೆಯ ಹತ್ತಿಬಟ್ಟೆಗೆ ಸೀಮೆಸುಣ್ಣದ ಪುಡಿಯೊಡನೆಯೂ ಇದನ್ನೇ ಲೇಪಿಸುತ್ತಾರೆ. ಈ ಹೋಲಿಕೆ ಅರ್ಥಪೂರ್ಣವಾಗಿದೆ. ಒಡಿಶಾದ ಚಿತ್ರಕಾರ ಅಂಟಿಗೆ ಬಿಳಿಯ ಪುಡಿ ಸೇರಿಸಿ ಬಣ್ಣಕ್ಕೆ ನೆಲವನ್ನು ಸಿದ್ಧಪಡಿಸಿದ. ಕನ್ನಡದ ವರ್ತಕ ಅದೇ ಅಂಟಿಗೆ ಕರಿಯ ಪುಡಿ ಸೇರಿಸಿ ಬಿಳಿಯ ಬರಹಕ್ಕೆ ನೆಲವನ್ನು ಸಿದ್ಧಪಡಿಸಿದ. ವಿಧಾನ ಒಂದು, ಉಪಯೋಗ ಎರಡು.

ಬಳಪವೂ ಸ್ಥಳೀಯವೇ. ಹೊಯ್ಸಳರ ದೇವಾಲಯಗಳನ್ನು ಕಟ್ಟಿದ ಮೃದುಶಿಲೆಯನ್ನು ನಾವು ಇಂದಿಗೂ ಬಳಪದ ಕಲ್ಲು ಎಂದೇ ಕರೆಯುತ್ತೇವೆ. ಹಳೇಬೀಡಿನ ಭಿತ್ತಿಗಳಿಗೂ ಅಂಗಡಿಯ ಬಾಕಿ ಲೆಕ್ಕಕ್ಕೂ ಒಂದೇ ಜಾತಿಯ ಕಲ್ಲು ಒದಗಿದ ನಾಡಿನಲ್ಲಿ ಕಡತ ಹಬ್ಬಿದುದು ಆಶ್ಚರ್ಯವಲ್ಲ. ಕೊಂಡು ತರಬೇಕಾದುದು ಬಹಳ ಕಡಿಮೆ. ಬಟ್ಟೆ, ಬೀಜ, ಇದ್ದಿಲು ಯಾವ ಸಾಧಾರಣ ಮನೆಯಲ್ಲಿಯೂ ಇದ್ದುವು. ಬೇಕಾದುದು ವಿಲ್ಕ್ಸ್ ಗುರುತಿಸಿದ ಆ ಚಾತುರ್ಯ ಮಾತ್ರ: ಸರಿ ತೆಳುವಾದರೆ ಇದ್ದಿಲು ಉದುರುತ್ತದೆ, ದಪ್ಪವಾದರೆ ಮಡಿಸಿದಲ್ಲಿ ಬಿರಿಯುತ್ತದೆ.

೪

ಇಷ್ಟು ಬಳಕೆಯಲ್ಲಿದ್ದ ವಸ್ತುವಿನ ತಯಾರಿಕೆಯನ್ನು ನಾವು ವಿಲ್ಕ್ಸ್ ಮತ್ತು ಬ್ಯೂಲರರಿಂದ ತಿಳಿಯಬೇಕಾಗಿ ಬಂದುದೇಕೆ? ನಿತ್ಯಜೀವನದ ವಿಧಾನಗಳನ್ನು ಬರೆದಿಡುವ ಪರಂಪರೆ ಕನ್ನಡದಲ್ಲಿ ಇರಲಿಲ್ಲವೆಂದು ಹೇಳುವಂತಿಲ್ಲ. ಚಾಲುಕ್ಯ ಎರಡನೆಯ ಜಯಸಿಂಹನ ಕಾಲದಲ್ಲಿ, ಸು. ೧೦೨೫ರಲ್ಲಿ, ಎರಡನೆಯ ಚಾವುಂಡರಾಯ ರಚಿಸಿದ ‘ಲೋಕೋಪಕಾರ’ ಹನ್ನೆರಡು ಅಧ್ಯಾಯಗಳಲ್ಲಿ ಮನೆ ಕಟ್ಟುವುದು, ಅಂತರ್ಜಲ ಗುರುತಿಸುವುದು, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ವೈದ್ಯ ಮೊದಲಾದವನ್ನು ಹೇಳುತ್ತದೆ. ಹೆಸರೇ ಸೂಚಿಸುವಂತೆ ಅದು ಲೋಕದ ಉಪಕಾರಕ್ಕಾಗಿ ಬರೆದ ಕೃತಿ. ಇಡ್ಲಿಯ ಚರಿತ್ರೆಯನ್ನು ಚರ್ಚಿಸುವ ಕೆ.ಟಿ. ಅಚಯ ಅವರು ಈ ಕೃತಿಯನ್ನು ಮುಖ್ಯ ಆಕರವಾಗಿ ಬಳಸಿದರು. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ಅರೆದು, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನು ಸೇರಿಸುವ ವಿಧಾನ ಅಲ್ಲಿದೆ. ಇಂದಿನ ಇಡ್ಲಿಗೆ ಅನಿವಾರ್ಯವಾದ ಅಕ್ಕಿ ಅಲ್ಲಿಲ್ಲ. ಸು. ೯೨೦ರ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಎಂಬ ಹೆಸರು ಮಾತ್ರ ಬರುತ್ತದೆ. ಹೆಸರು ವಿಧಾನವಾಗಿ ದಾಖಲೆಗೆ ಬರಲು ಒಂದು ಶತಮಾನ ಹಿಡಿಯಿತು.

ಅನಂತರ ಮೂರನೆಯ ಸೋಮೇಶ್ವರನ ಸಂಸ್ಕೃತ ‘ಮಾನಸೋಲ್ಲಾಸ’ (ಸು. ೧೧೩೦) ಅನ್ನಭೋಗವನ್ನು ರಾಜಭೋಗಗಳಲ್ಲಿ ಒಂದಾಗಿ ವರ್ಣಿಸುತ್ತದೆ. ಹದಿನಾರನೆಯ ಶತಮಾನದ ಆದಿಯಲ್ಲಿ ಕಲ್ಲಹಳ್ಳಿಯ ಪ್ರಭು ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ೧೭೦೯ರ ‘ಶಿವತತ್ತ್ವರತ್ನಾಕರ’ದಲ್ಲಿ ಕೆಳದಿಯ ಬಸವಪ್ಪನಾಯಕ ಪಾಕವಿದ್ಯೆಗೆ ಎಡೆಕೊಟ್ಟ. ಇವರು ದೊರೆಗಳು, ಪ್ರಭುಗಳು ಅಥವಾ ಆಸ್ಥಾನದ ಆಶ್ರಯ ಪಡೆದವರು. ಅಡುಗೆ ಶಾಸ್ತ್ರವಾದುದು ಅದು ಭೋಗವಾಗಬಲ್ಲುದಾದ್ದರಿಂದ. ಅಂಟು ಭೋಗವಲ್ಲ. ಬಡ ವರ್ತಕನ ಲೆಕ್ಕದ ಬಟ್ಟೆಗೆ ಷಟ್ಪದಿಯ ಗೌರವ ದೊರೆಯುವ ಸಂಭವವಿರಲಿಲ್ಲ. ಎಲ್ಲರಿಗೂ ತಿಳಿದಿದ್ದ ವಿಧಾನವನ್ನು ಬರೆದಿಡುವ ಅಗತ್ಯವನ್ನೂ ಯಾರೂ ಕಾಣಲಿಲ್ಲ. ಕಡತದ ಮೇಲೆ ಊರಿನ ಲೆಕ್ಕವೆಲ್ಲ ಬರೆಯಲ್ಪಟ್ಟಿತು. ಕಡತ ಮಾಡುವ ಬಗೆ ಮಾತ್ರ ಕೈಯಿಂದ ಕೈಗೆ ದಾಟಿತು.

ಹೀಗೆ ನೋಡಿದಾಗ ಮನೆಯ ತಿಳಿವು ಬರಹಕ್ಕೆ ಬರುವ ಸಂದರ್ಭಗಳನ್ನು ಮೂರಾಗಿ ವಿಂಗಡಿಸಬಹುದು. ಒಂದು, ಅದು ಸಿರಿವಂತಿಕೆಯ ಭಾಗವಾಗಿ ಶಾಸ್ತ್ರದ ಸ್ಥಾನ ಪಡೆದಾಗ. ಎರಡು, ಹೊರಗಿನವನ ಕುತೂಹಲಕ್ಕೆ ವಿಷಯವಾದಾಗ. ಮೂರು, ಬಲ್ಲವರು ಊರು ಬಿಟ್ಟು ದೂರ ಹೋದಾಗ. ಮೂರನೆಯದಕ್ಕೆ ಮದರಾಸಿನಲ್ಲಿ ೧೯೫೧ರಲ್ಲಿ ಮೊದಲ ಭಾಗ ಪ್ರಕಟವಾದ ಎಸ್. ಮೀನಾಕ್ಷಿ ಅಮ್ಮಾಳ್ ಅವರ ತಮಿಳು ಕೃತಿ ‘ಸಮೈತ್ತುಪ್ಪಾರ್’ ಒಳ್ಳೆಯ ಉದಾಹರಣೆ. ದೂರದ ಊರುಗಳಲ್ಲಿದ್ದ ಬಂಧುಗಳು ಅಡುಗೆಯ ವಿಧಾನ ಕೇಳಿ ಪತ್ರ ಬರೆಯುತ್ತಿದ್ದುದೇ ಆ ಪುಸ್ತಕಕ್ಕೆ ಪ್ರೇರಣೆಯಾಯಿತು. ಮಗ್ಗುಲಲ್ಲಿ ನಿಂತು ನೋಡಿ ಕಲಿಯುವ ಅವಕಾಶ ತಪ್ಪಿದಾಗಲೇ ಅಳತೆ ಬರಹವನ್ನು ಸೇರುತ್ತದೆ.

ಕಡತಕ್ಕೆ ಒದಗಿದುದು ಎರಡನೆಯ ಸಂದರ್ಭ ಮಾತ್ರ. ವಿಲ್ಕ್ಸ್, ಬ್ರೌನ್, ಕಿಟೆಲ್, ಬ್ಯೂಲರ್ ಇವರು ಹೊರಗಿನವರಾದ್ದರಿಂದಲೇ ಅದು ಅವರಿಗೆ ವಿಶೇಷವಾಗಿ ಕಂಡಿತು. ಆದರೆ ನೋಡಿದವರು ಬಟ್ಟೆಯ ಅಳತೆಯನ್ನು ಬರೆದರು, ಅಂಟಿನ ಹದವನ್ನಲ್ಲ. ಬೀಜವೆಷ್ಟು, ನೀರೆಷ್ಟು, ಎಷ್ಟು ಸಲ ಬಳಿಯಬೇಕು, ಯಾವ ಮರದ ಇದ್ದಿಲು ಮೇಲು, ಆ ಒಲೆಯ ಮುಂದೆ ಕುಳಿತವರು ಯಾರು ಎಂಬ ಪ್ರಶ್ನೆಗಳನ್ನು ಅವರು ಕೇಳಲಿಲ್ಲ. ಕಾಗದ ಅಗ್ಗವಾಗಿ, ಶಾಲೆಗಳಲ್ಲಿ ಕಲ್ಲಿನ ಪಾಟಿ ಬಂದ ಮೇಲೆ ಆ ಪ್ರಶ್ನೆಗಳಿಗೆ ಉತ್ತರ ಬಲ್ಲವರೂ ಮರೆಯಾದರು. ಬಳಪ ಪಾಟಿಗೆ ವಲಸೆ ಹೋಗಿ ಉಳಿಯಿತು. ಕಡತ ಕಾಗದದ ಕಟ್ಟಿಗೆ ಹೆಸರಾಗಿ ಉಳಿಯಿತು. ಅಂಟಿನ ಹದ ಉಳಿಯಲಿಲ್ಲ.

೫

ಈ ಚರಿತ್ರೆಯಲ್ಲಿ ಹೊರನಾಡಿನ ಪಾಲು ಗಮನಾರ್ಹ. ‘ಲೋಕೋಪಕಾರ’ ಎಚ್. ಶೇಷ ಅಯ್ಯಂಗಾರ್ಯರ ಸಂಪಾದನೆಯಲ್ಲಿ ೧೯೫೦ರಲ್ಲಿ ಬೆಳಕು ಕಂಡುದು ಮದರಾಸಿನ ಸರಕಾರಿ ಪ್ರಾಚ್ಯ ಗ್ರಂಥಮಾಲೆಯಲ್ಲಿ. ಅದರ ಇಂಗ್ಲಿಷ್ ಅನುವಾದ ೨೦೦೬ರಲ್ಲಿ ಹೊರಬಂದುದು ಸಿಕಂದರಾಬಾದಿನಿಂದ. ‘ಮಾನಸೋಲ್ಲಾಸ’ದ ಮೂರು ಸಂಪುಟಗಳು ಪ್ರಕಟವಾದುದು ಬರೋಡೆಯಲ್ಲಿ. ಮೆಕೆಂಜಿ ಸಂಗ್ರಹದ ಕನ್ನಡ ಕೈಫಿಯತ್ತುಗಳಿಗೆ ಚೆನ್ನೈನ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯ ನೆಲೆ. ಕನ್ನಡದ ನಿತ್ಯಜೀವನದ ಆಕರಗಳನ್ನು ಹುಡುಕುವವರು ರಾಜ್ಯದ ಗಡಿಯೊಳಗೇ ನಿಲ್ಲುವಂತಿಲ್ಲ.

ಆದ್ದರಿಂದ ಹೊರನಾಡಿನ ಸಂಶೋಧಕರ ಪರಿಶೀಲನೆಗಾಗಿ ಎರಡು ಸೂಚನೆಗಳನ್ನು ಮುಂದಿಡಬಹುದು. ಮೊದಲನೆಯದು ಹಸ್ತಪ್ರತಿ ಸೂಚಿಗಳನ್ನು ಕುರಿತದ್ದು. ಸೂಚಿಕಾರರು ಕೃತಿಯ ಹೆಸರು, ಕರ್ತೃ, ಪತ್ರಸಂಖ್ಯೆಗಳಿಗೆ ಕೊಡುವ ಗಮನವನ್ನು ಬರೆದ ವಸ್ತುವಿಗೂ ಕೊಡಬೇಕು. ಕಡತವಾದರೆ ಬಟ್ಟೆಯ ನೇಯ್ಗೆ, ಲೇಪದ ದಪ್ಪ, ಮಡಿಕೆಯ ಅಳತೆ, ಮತ್ತೆ ಬಳಿದ ಗುರುತು ಇವೆಲ್ಲ ದಾಖಲಾಗಬೇಕು. ಲೇಪವನ್ನು ರಾಸಾಯನಿಕವಾಗಿ ಪರೀಕ್ಷಿಸಿದರೆ ಅಂಟಿನ ವಿಚಾರದಲ್ಲಿ ಬ್ಯೂಲರನ ಮಾತನ್ನು ಒರೆಗೆ ಹಚ್ಚಬಹುದು; ಶಾಸನದ ‘ಕಡಿತ’ದ ಪ್ರಶ್ನೆಗೂ ಹತ್ತಿರವಾಗಬಹುದು.

ಎರಡನೆಯದು ಜೀವಂತ ತಿಳಿವನ್ನು ಕುರಿತದ್ದು. ಕಡತದ ಹದ ಹೋದರೂ ಅದೇ ಅಂಟಿನ ಹದ ಕಂಬಳಿಯ ನೇಕಾರರಲ್ಲಿ, ಕಿನ್ನಾಳದಲ್ಲಿ, ಚೇರ್ಯಾಲದಲ್ಲಿ ಇನ್ನೂ ಇದೆ. ಅವರ ಬಳಿ ಕುಳಿತು ಅಳತೆಗಳನ್ನು ಬರೆದುಕೊಂಡು, ವಿಲ್ಕ್ಸ್ ಹೇಳಿದ ಅಳತೆಯ ಬಟ್ಟೆಗೆ ಬಳಿದು ನೋಡುವುದು ಹೆಚ್ಚು ವೆಚ್ಚದ ಪ್ರಯೋಗವಲ್ಲ. ಹಾಗೆಯೇ ಮುಂಬಯಿ, ಪುಣೆ, ದೆಹಲಿಗಳ ಕನ್ನಡ ಮನೆಗಳಲ್ಲಿ ಹಿರಿಯರು ಊರಿನಿಂದ ತಂದ ಸಂಡಿಗೆ, ಹಪ್ಪಳ, ಕಾಡಿಗೆ, ಕೌದಿಗಳ ವಿಧಾನಗಳು ಮೇಲೆ ಹೇಳಿದ ಮೂರನೆಯ ಸಂದರ್ಭಕ್ಕೆ ಸೇರಿದವು. ಊರು ಬಿಟ್ಟುದರಿಂದಲೇ ಅವು ಬರಹಕ್ಕೆ ಬರಬೇಕಾದ ಘಟ್ಟವನ್ನು ಮುಟ್ಟಿವೆ.

ಸುಲಭವೆಂಬ ಕಾರಣಕ್ಕೆ ಬರೆಯದೆ ಬಿಟ್ಟ ತಿಳಿವು ಮರೆತುಹೋದ ಮೇಲೆ ಸುಲಭವಾಗಿ ಉಳಿಯುವುದಿಲ್ಲ. ಕೈಯಲ್ಲಿ ಹದವಿರುವವರು ನಮ್ಮ ನಡುವೆ ಇರುವಾಗಲೇ ಅದನ್ನು ಕೇಳಿ ಬರೆದಿಡುವುದು ಹೊರನಾಡಿನ ಕನ್ನಡ ಸಂಶೋಧನೆ ಕೈಗೆತ್ತಿಕೊಳ್ಳಬಹುದಾದ, ಕೈಗೆತ್ತಿಕೊಳ್ಳಲೇಬೇಕಾದ ಕೆಲಸ.