ಅಡಿಕೆ ಸುಲಿದ ಬೆರಳುಗಳು

ಅಡಿಕೆಯ ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಬರೆದದ್ದು, 1939ರಲ್ಲಿ ಶಿವಮೊಗ್ಗದಲ್ಲಿ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್ಕೋಸ್ ಹುಟ್ಟಿದ್ದು ಮಲೆನಾಡಿನ ಅಡಿಕೆ ಚರಿತ್ರೆಯಲ್ಲಿ ಸೇರಿವೆ. ಸಾಗರ, ಹೊಸನಗರ, ತೀರ್ಥಹಳ್ಳಿಯಲ್ಲಿ ಅಡಿಕೆ ಸುಲಿದ ಹೆಂಗಸರ ಬೆರಳುಗಳೂ ಅದರಲ್ಲಿ ಸೇರಬೇಕು. ಸುಲಿಯುವವಳ ಮಗಳಾಗಿ ಈ ಮಾತು ಹೇಳುತ್ತಿದ್ದೇನೆ.

ಮರದಿಂದ ಕೊನೆ (ಗೊನೆ) ಇಳಿಸಿದ ಮೇಲೆ ಹಸಿ ಅಡಿಕೆ ಕಾಯುವುದಿಲ್ಲ, ಸುಲಿದು ಬೇಯಿಸಲೇಬೇಕು. ಹಾಗಾಗಿ ಸುಗ್ಗಿಯಲ್ಲಿ ರಾತ್ರಿಯೂ ಸುಲಿತ. ಅಮ್ಮ ಮೆಟ್ಟುಗತ್ತಿಯ ಮಣೆ ಮೇಲೆ ಕೂತು, ಕಾಯನ್ನು ಅಲಗಿಗೆ ಒತ್ತಿ, ಸಿಪ್ಪೆ ಸೀಳಿ, ಹೆಬ್ಬೆರಳಿನಿಂದ ಅಡಿಕೆ ಬಿಡಿಸುತ್ತಿದ್ದಳು. ಕೂಲಿ ಡಬ್ಬದ ಲೆಕ್ಕದಲ್ಲಿ. ಕೈ ನಿಲ್ಲಿಸಿದರೆ ನಷ್ಟ.

ಅಡಿಕೆಯ ಚೊಗರು ಚರ್ಮವನ್ನು ಬಿಗಿದು ಒಣಗಿಸುತ್ತದೆ, ಕಪ್ಪಾಗಿಸುತ್ತದೆ. ಮೇಲೆ ಚಳಿಗಾಲದ ಒಣಗಾಳಿ, ಮನೆಯಲ್ಲಿ ಪಾತ್ರೆ, ಬಟ್ಟೆ, ಸೋಪು. ಉಗುರಿನ ಬುಡ ಒಡೆದು ಸಿಬಿರು ಏಳುತ್ತಿತ್ತು. ಅದನ್ನು ಹಲ್ಲಿನಿಂದ ಕಿತ್ತರೆ ಗಾಯ. ಗಾಯದೊಳಗೆ ಸೋಂಕು ಹೊಕ್ಕರೆ ಉಗುರುಸುತ್ತು. ಬೆರಳು ಕೆಂಪಾಗಿ ಊದಿ, ಕೀವು ತುಂಬಿ, ರಾತ್ರಿಯಿಡೀ ಸಿಡಿಯುವ ನೋವು. ಆಗ ನಿಂಬೆಹಣ್ಣು ಕೊರೆದು ಬೆರಳಿಗೆ ತೊಡಿಸುತ್ತಿದ್ದರು.

ಈಗ ಸುಲಿಯುವ ಯಂತ್ರಗಳು ಬಂದಿವೆ. ಆದರೂ ಮೆಟ್ಟುಗತ್ತಿ ಪೂರ್ತಿ ಮೂಲೆ ಸೇರಿಲ್ಲ. ಕೈಯಲ್ಲಿ ಸುಲಿಯುವ ಅಕ್ಕಂದಿರೇ, ಸಿಬಿರನ್ನು ಎಳೆಯಬೇಡಿ. ಶುಚಿಯಾದ ನೇಲ್‌ಕಟರ್‌ನಿಂದ ಕತ್ತರಿಸಿ. ಕೈ ತೊಳೆದು ಒರೆಸಿ, ಉಗುರಿನ ಬುಡಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ. ಕೀವಾದರೆ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದರೆ ಒಂದು ದಿನವೂ ತಡಮಾಡಬೇಡಿ. ತೋಟದ ಯಜಮಾನರು ಚಿಕಿತ್ಸೆಯ ಖರ್ಚನ್ನು ಸುಲಿತದ ಲೆಕ್ಕದಲ್ಲೇ ಬರೆದುಕೊಳ್ಳಲಿ. ಅದು ಧರ್ಮವಲ್ಲ, ಕೆಲಸದವರ ಹಕ್ಕು.