ಹೇಳದೇ ಬಿಟ್ಟ ಪಾಠ

ಸಂತಾನೋತ್ಪತ್ತಿಯ ಪಾಠ ಬಂದ ಕೂಡಲೇ "ಇದನ್ನ ಮನೇಲಿ ಓದ್ಕೊಳ್ಳಿ" ಅಂದು ಮುಂದಿನ ಪಾಠಕ್ಕೆ ಹಾರಿದ ಮೇಷ್ಟ್ರುಗಳು ನಿಮಗೂ ನೆನಪಿರಬಹುದು. ಕೇಳಿದರೆ, "ಇಂಥದ್ದೆಲ್ಲ ಮಾತಾಡೋದು ನಮ್ಮ ಸಂಸ್ಕೃತಿ ಅಲ್ಲ" ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಹೌದಾ? ಇತಿಹಾಸ ಬೇರೆಯದೇ ಕಥೆ ಹೇಳುತ್ತದೆ.

1930ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳನ್ನು ತೆರೆಯಲು ಮುಂದಾಯಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈಹಾಕಿದ್ದು ಜಗತ್ತಿನಲ್ಲೇ ಮೊದಲು ಅನ್ನುತ್ತಾರೆ. ಮುಂದೆ ವೈದ್ಯೆಯೂ ಲೇಖಕಿಯೂ ಆಗಿದ್ದ ಅನುಪಮಾ ನಿರಂಜನ 'ದಾಂಪತ್ಯ ದೀಪಿಕೆ', 'ಕೇಳು ಕಿಶೋರಿ' ಬರೆದರು. ಕನ್ನಡದ ಎಷ್ಟೋ ಮನೆಗಳಲ್ಲಿ ಅಮ್ಮಂದಿರು ಬಾಯಿಬಿಟ್ಟು ಹೇಳಲಾಗದ್ದನ್ನು ಈ ಪುಸ್ತಕಗಳು ಹೇಳಿದವು. ಅಂದರೆ ಮಾತು ನಮ್ಮಲ್ಲೇ ಇತ್ತು, ಅದೂ ಅಚ್ಚಗನ್ನಡದಲ್ಲಿ.

1986ರಲ್ಲಿ ಎಚ್‌ಐವಿ ಬಂತು. ಏಡ್ಸ್ ಪಶ್ಚಿಮದವರ ಕಾಯಿಲೆ, ನಮಗೆಲ್ಲಿಂದ ಬರಬೇಕು ಅಂತ ಎಲ್ಲರೂ ನಂಬಿದ್ದ ಕಾಲ ಅದು. ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಅವರ ಮಾರ್ಗದರ್ಶನದಲ್ಲಿ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ, ಲೈಂಗಿಕ ವೃತ್ತಿಯ ಮಹಿಳೆಯರಿಂದ ಸುಮಾರು 80 ರಕ್ತದ ಮಾದರಿ ಸಂಗ್ರಹಿಸಿದರು. ಇಟ್ಟುಕೊಳ್ಳಲು ಸರಿಯಾದ ಜಾಗವಿಲ್ಲದೆ ಅವನ್ನು ಮನೆಯ ಫ್ರಿಜ್ಜಿನಲ್ಲೇ ಇಟ್ಟಿದ್ದರಂತೆ! ವೆಲ್ಲೂರಿನಲ್ಲಿ ಪರೀಕ್ಷಿಸಿದಾಗ ಸೋಂಕು ಇರುವುದು ಖಚಿತವಾಯಿತು. ಮುಂದೆ ಸೋಂಕು ಹೆಚ್ಚಿದ್ದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಸೇರಿತು.

ಮಕ್ಕಳಿಗೆ ಮೊದಲೇ ತಿಳಿಸಬೇಕು ಎಂದು ಕೇಂದ್ರ ಸರ್ಕಾರ 2005ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಶಾಲೆಗಳಿಗೆ ತಂದಿತು. ಅದರಲ್ಲಿ ಎಚ್‌ಐವಿ ಮಾತ್ರ ಅಲ್ಲ, ದೇಹದ ಬದಲಾವಣೆಗಳಿದ್ದವು, ಒತ್ತಾಯಕ್ಕೆ 'ಬೇಡ' ಅನ್ನುವ ಧೈರ್ಯದಂಥ ಬದುಕಿನ ಕೌಶಲಗಳೂ ಇದ್ದವು. ಆದರೆ 2007ರಲ್ಲಿ ಪುಸ್ತಕದ ಚಿತ್ರಗಳ ಬಗ್ಗೆ ಗಲಾಟೆ ಎದ್ದಿತು. ಮಹಾರಾಷ್ಟ್ರ, ಮಧ್ಯಪ್ರದೇಶದಂಥ ರಾಜ್ಯಗಳ ಜೊತೆ ಕರ್ನಾಟಕವೂ ಬೇಡವೆಂದಿತು. 1930ರಲ್ಲಿ ಎಲ್ಲರಿಗಿಂತ ಮುಂದಿದ್ದ ಅದೇ ನಾಡು!

2009ರಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ ವರದಿ ಕೊಟ್ಟಿತು. ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ, ಎಚ್‌ಐವಿಯಂಥ ವಿಷಯ ಪಿಯುಸಿ ಹಂತದ ಜೀವಶಾಸ್ತ್ರದಲ್ಲಿ ಬರಲಿ ಎಂಬುದು ಅದರ ಸಲಹೆ. ಸರಿ, ಆದರೆ ಆರ್ಟ್ಸ್, ಕಾಮರ್ಸ್ ತಗೊಂಡವರು ಏನು ಮಾಡಬೇಕು? ಎಸ್ಸೆಸ್ಸೆಲ್ಸಿಗೆ ಮುಂಚೆಯೇ ಶಾಲೆ ಬಿಟ್ಟು ಕೂಲಿಗೆ ಹೋದ ಹುಡುಗ, ಮದುವೆ ಮಾಡಿ ಕಳಿಸಿದ ಹುಡುಗಿ? ಎಲ್ಲಕ್ಕಿಂತ ಹೆಚ್ಚಾಗಿ ತಿಳಿಯಬೇಕಾದವರನ್ನೇ ಹೊರಗಿಟ್ಟಂತಾಯಿತು.

ಹೇಳಿಕೊಟ್ಟರೆ ಮಕ್ಕಳು ಕೆಡುತ್ತಾರೆ ಎಂಬ ಭಯಕ್ಕೆ ಆಧಾರವಿಲ್ಲ. ಹಲವು ದೇಶಗಳ ಅಧ್ಯಯನಗಳನ್ನು ನೋಡಿ ಯುನೆಸ್ಕೋ ಹೇಳಿದ್ದೂ ಇದನ್ನೇ: ಇಂಥ ಶಿಕ್ಷಣದಿಂದ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರ ದೇಹದ ಜೊತೆ ಮನಸ್ಸಿನ ಆರೋಗ್ಯವನ್ನೂ ಲೆಕ್ಕಕ್ಕೆ ತಗೊಂಡಿದ್ದು ಒಳ್ಳೆಯ ಬೆಳವಣಿಗೆ. ಯಾಕೆಂದರೆ ಈ ವಯಸ್ಸಿನ ಭಯ, ನಾಚಿಕೆ, ಕೀಳರಿಮೆಗಳು ಬೆಳೆಯುವುದು ಕೇಳಲು ಯಾರೂ ಇಲ್ಲದಾಗಲೇ.

ನಾವು ಬಾಯಿ ಮುಚ್ಚಿಕೊಂಡರೆ ಮಕ್ಕಳ ಕುತೂಹಲ ಸುಮ್ಮನಾಗುವುದಿಲ್ಲ. ಈಗಂತೂ ಕೈಯಲ್ಲೇ ಮೊಬೈಲಿದೆ. ಯಾವುದು ಸರಿ, ಯಾವುದು ಸುಳ್ಳು ಅಂತ ಅದು ಬಿಡಿಸಿ ಹೇಳುವುದಿಲ್ಲ. ಆ ಕೆಲಸ ಮನೆಯವರದು, ಮೇಷ್ಟ್ರದು. ಅಲ್ವಾ?