ನಿಲ್ಲುವುದರ ಚರಿತ್ರೆ: ಹಳೆಯ ಸ್ಪೋರ್ಟ್ಸ್ ಕಾರಿನ ಬ್ರೇಕು ಮತ್ತು ‘ಮೂಲ’ದ ಪ್ರಶ್ನೆ

ಕನ್ನಡ ಎಂ.ಎ. ಓದುವವರಿಗೆ ಬ್ರೇಕಿನ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಹಳೆಯ ಕಾರು ಉಳಿಸಿಕೊಳ್ಳುವವರ ನಡುವಿನ ಒಂದು ಜಗಳ, ಗ್ರಂಥಸಂಪಾದನೆಯ ತರಗತಿಯಲ್ಲಿ ನಾವು ಆಡುವ ಜಗಳವೇ ಆಗಿದೆ. ಮೂಲವನ್ನು ಇದ್ದ ಹಾಗೇ ಇಡಬೇಕೋ, ತಿದ್ದಬಹುದೋ? ತಿದ್ದಿದರೆ ಎಷ್ಟರ ಮಟ್ಟಿಗೆ? ವ್ಯತ್ಯಾಸ ಇಷ್ಟೇ ನೋಡ್ರಿ: ಪಾಠ ತಪ್ಪಿದರೆ ಅರ್ಥ ಕೆಡ್ತದ, ಬ್ರೇಕು ತಪ್ಪಿದರೆ ಜೀವ ಹೋಗ್ತದ.

ಮೊದಲು ಒಂದು ಕಾರಿನ ಕಥೆ. ಇಂಗ್ಲೆಂಡಿನ ಜಾಗ್ವಾರ್ ಕಂಪನಿ 1948ರ ಲಂಡನ್ ಮೋಟಾರ್ ಪ್ರದರ್ಶನದಲ್ಲಿ ಎಕ್ಸ್‌ಕೆ 120 ಎಂಬ ಸ್ಪೋರ್ಟ್ಸ್ ಕಾರನ್ನು ಮುಂದಿಟ್ಟಿತು. ಹೆಸರಿನ 120 ಅಂದರೆ ಗಂಟೆಗೆ 120 ಮೈಲಿ, ಸುಮಾರು 193 ಕಿ.ಮೀ. ವೇಗ. ಎಂಜಿನ್ ಹೊಸದು, ಬ್ರೇಕು ಮಾತ್ರ ಹಳೆಯ ಡ್ರಮ್ ಪದ್ಧತಿಯದು. ಚಕ್ರದ ಜೊತೆ ತಿರುಗುವ ಕಬ್ಬಿಣದ ಡಬ್ಬಿಯ ಒಳಗೆ ಎರಡು ಬ್ರೇಕ್ ಶೂಗಳು ಅಗಲವಾಗಿ ಒತ್ತಿಕೊಳ್ಳುತ್ತವೆ. ಒಂದೆರಡು ಸಲ ನಿಲ್ಲಿಸಲು ಇದು ಸಾಕು. ಪದೇ ಪದೇ ಒತ್ತಿದರೆ ತೊಂದರೆ ಶುರು.

ಬ್ರೇಕಿನ ಕೆಲಸ ಓಟದ ಶಕ್ತಿಯನ್ನು ಶಾಖವಾಗಿ ಬದಲಿಸುವುದು. 1,300 ಕಿಲೊ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ನಿಂತರೆ ಸುಮಾರು 5 ಲಕ್ಷ ಜೌಲ್ ಶಾಖ ಹುಟ್ಟುತ್ತದೆ. 20 ಡಿಗ್ರಿಯ ಒಂದೂವರೆ ಲೀಟರ್ ನೀರನ್ನು ಕುದಿಯುವ ಮಟ್ಟಕ್ಕೆ ತರಲು ಅಷ್ಟು ಸಾಕು. ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಮುಚ್ಚಿದ ಡಬ್ಬಿಯೊಳಗೆ ಈ ಶಾಖಕ್ಕೆ ಹೊರಹೋಗುವ ದಾರಿ ಕಡಿಮೆ. ಡ್ರಮ್ ಕಾದು ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಕಾದ ಲೈನರ್ ಹಿಡಿತ ಬಿಡುತ್ತದೆ. ಪೆಡಲ್ ತುಳಿದರೂ ಗಾಡಿ ನಿಲ್ಲವಲ್ದು ಅಂತ ಮಿಸ್ತ್ರಿಗಳು ಹೇಳುವುದು ಇದನ್ನೇ.

ಉತ್ತರ ರೇಸಿನಿಂದ ಬಂತು. ಜಾಗ್ವಾರ್ ಡನ್‌ಲಪ್ ಕಂಪನಿಯ ಜೊತೆ ಸೇರಿ ಡಿಸ್ಕ್ ಬ್ರೇಕನ್ನು ತನ್ನ ಸಿ-ಟೈಪ್ ರೇಸ್ ಕಾರಿಗೆ ಹಾಕಿ ನೋಡಿತು. ಇಲ್ಲಿ ಬಯಲಲ್ಲಿ ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡುಗಳು ಹಿಡಿಯುತ್ತವೆ, ಗಾಳಿ ಶಾಖವನ್ನು ಒಯ್ಯುತ್ತದೆ. 1952ರಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಸ್ಟರ್ಲಿಂಗ್ ಮಾಸ್ ಈ ಬ್ರೇಕಿನ ಕಾರಿನಲ್ಲಿ ಗೆದ್ದರು. 1953ರ ಲ ಮಾನ್ 24 ಗಂಟೆಗಳ ರೇಸಿನಲ್ಲಿ ಸಿ-ಟೈಪ್ ಮೊದಲ ಎರಡೂ ಸ್ಥಾನ ಪಡೆಯಿತು. ಎದುರಾಳಿಗಳು ತಿರುವಿಗೆ ಎಷ್ಟೋ ಮುಂಚೆ ಬ್ರೇಕ್ ಹಾಕಬೇಕಿತ್ತು, ಇವರು ತಡವಾಗಿ ಹಾಕಿದರೂ ನಡೆಯುತ್ತಿತ್ತು. 1957ರಲ್ಲಿ ಅದೇ ಎಕ್ಸ್‌ಕೆ ವಂಶದ 150ಕ್ಕೆ ನಾಲ್ಕೂ ಚಕ್ರದಲ್ಲಿ ಡಿಸ್ಕ್ ಬಂತು.

ಈಗ ನನ್ನ ಪ್ರಶ್ನೆ. 1950ರ ಎಕ್ಸ್‌ಕೆ 120 ಕಾರಿಗೆ ಇಂದು ಡಿಸ್ಕ್ ಹಾಕಿದರೆ ಅದು ಕೆಟ್ಟುಹೋಯಿತೆ? ಕಾರು ಮಾಡಿದವರೇ ತಮ್ಮ ಪಾಠವನ್ನು ಒಂಬತ್ತು ವರ್ಷದಲ್ಲಿ ತಿದ್ದಿಕೊಂಡಿದ್ದಾರೆ. ನಮ್ಮಲ್ಲಿ ಶೂನ್ಯಸಂಪಾದನೆ ನಾಲ್ಕು ಸಲ ಸಂಪಾದನೆಗೊಂಡಿದೆ. ಶಿವಗಣಪ್ರಸಾದಿ ಮಹಾದೇವಯ್ಯನದು ಮೊದಲನೆಯದು, ಗೂಳೂರು ಸಿದ್ಧವೀರಣ್ಣೊಡೆಯನದು ಕೊನೆಯದು. ಉಮರ್ಗಾದಿಂದ ಗಡಿ ದಾಟಿದರೆ ಸಿಗುವ ಕಲ್ಯಾಣದ ಶರಣರ ಸಂವಾದವೇ ನಾಲ್ಕರ ವಸ್ತು. ಕೊನೆಯದು ಖೋಟಾ ಅಂತ ಯಾರೂ ಅನ್ನೋದಿಲ್ಲ. ಆದರೆ ಯಾವುದು ಯಾರದು ಅನ್ನೋದನ್ನು ಬೆರೆಸುವುದೂ ಇಲ್ಲ.

ಭಾರತದಲ್ಲಿ ಈ ಪ್ರಶ್ನೆ ಇನ್ನೂ ತೊಡಕಿನದು. ಕಾರಲ್ಲದಿದ್ದರೂ ರಾಜ್‌ದೂತ್ 350 ಬೈಕು ಒಳ್ಳೆಯ ಉದಾಹರಣೆ. ಜಪಾನಿನ ಯಮಹಾ 1973ರಲ್ಲಿ ತಂದ ಆರ್‌ಡಿ 350ಕ್ಕೆ ಮುಂದೆ ಡಿಸ್ಕ್ ಇತ್ತು. 1983ರಿಂದ ಎಸ್ಕಾರ್ಟ್ಸ್ ಕಂಪನಿ ಅದನ್ನು ಇಲ್ಲಿ ತಯಾರಿಸಿದಾಗ ಡಿಸ್ಕ್ ಹೋಗಿ ಡ್ರಮ್ ಬಂತು. ಇಂದು ಅದಕ್ಕೆ ಡಿಸ್ಕ್ ಹಾಕಿಸಿದರೆ ಮೂಲವನ್ನು ಬಿಟ್ಟ ಹಾಗೋ, ಮೂಲಕ್ಕೆ ಮರಳಿದ ಹಾಗೋ? ಮೂಲ ಅಂತ ನಾವು ಅನ್ನೋದು ಎಷ್ಟೋ ಸಲ ಖರ್ಚಿನ ಲೆಕ್ಕ ಮಾಡಿದ ಒಂದು ಪಾಠಾಂತರ.

ಕಾನೂನನ್ನೂ ಪಠ್ಯದ ಹಾಗೇ ಓದೋಣ. 2021ರ ಜುಲೈನಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. 50 ವರ್ಷ ದಾಟಿದ, ಸ್ವಂತ ಬಳಕೆಯ ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಎಂಜಿನ್ ಬದಲಾವಣೆಯಂಥ ದೊಡ್ಡ ಮಾರ್ಪಾಡು ಆಗಿರಬಾರದು. ಈ ಮೂರರ ಸಾಲಿನಲ್ಲಿ ಬ್ರೇಕಿನ ಹೆಸರಿಲ್ಲ. ಹಾಗಂತ ಏನು ಬೇಕಾದರೂ ಮಾಡಬಹುದು ಅಂತ ಅರ್ಥವಲ್ಲ. ಕೊರೆಯದೆ, ಬೆಸೆಯದೆ, ಬಿಚ್ಚಿ ಮತ್ತೆ ಹಳೆಯದನ್ನು ಕೂಡಿಸಲು ಬರುವಂಥ ಬದಲಾವಣೆಯೇ ಈ ನಿಯಮದ ಆಶಯಕ್ಕೆ ಹತ್ತಿರ ಅಂತ ನನ್ನ ಓದು.

ಇದು ಬರೀ ತರ್ಕವಲ್ಲ. ಉಮರ್ಗಾ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿಯ ಮೇಲಿದೆ. 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ. ದನ ಅಡ್ಡ ಬಂದರೆ ಮುಂದಿನ ಹೊಸ ಕಾರು ತಟ್ಟನೆ ನಿಲ್ಲುತ್ತದೆ. ಹಿಂದಿನ ಹಳೆಯ ಕಾರು ತನ್ನ ಕಾಲದ ಅಂತರದಲ್ಲೇ ನಿಲ್ಲಬೇಕು. ರಸ್ತೆಯನ್ನು 1948ಕ್ಕೆ ತಿರುಗಿಸಲು ಆಗೋದಿಲ್ಲ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಡಿಸ್ಕಿನಿಂದ ಅಲ್ಲ. ಮೊದಲು ಗಟ್ಟಿಯಾದ ರಬ್ಬರ್ ಪೈಪು, ಸೋರುವ ಸಿಲಿಂಡರು, ಸವೆದ ಲೈನರ್ ಬದಲಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿ ಬೇಗ ಕುದಿಯುವಂತಾಗುತ್ತದೆ, ಅದನ್ನೂ ಕಾಲಕಾಲಕ್ಕೆ ಬದಲಿಸಬೇಕು. ಆಮೇಲೆ ಎರಡು ದಾರಿಯ ಮಾಸ್ಟರ್ ಸಿಲಿಂಡರ್. ಹಳೆಯದರಲ್ಲಿ ದಾರಿ ಒಂದೇ, ಒಂದು ಕಡೆ ಸೋರಿದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು. ಡಿಸ್ಕ್ ಸರದಿ ಕೊನೆಯದು. ಡ್ರಮ್ಮಿನ ಶೂ ಚಕ್ರದ ತಿರುಗಾಟದಿಂದಲೇ ಇನ್ನಷ್ಟು ಬಿಗಿಯಾಗುತ್ತದೆ, ಡಿಸ್ಕಿಗೆ ಆ ಸಹಾಯ ಇಲ್ಲ. ಕಾಲಿನ ಬಲ ಹೆಚ್ಚು ಬೇಕು, ಅದಕ್ಕೆ ಸರ್ವೋ ಬೇಕಾಗಬಹುದು. ಮುಂದಿನ–ಹಿಂದಿನ ಹಿಡಿತ ಸರಿದೂಗದಿದ್ದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ತಿರುಗಿಬೀಳಬಹುದು. ಬರೀ ಮುಂದೆ ಡಿಸ್ಕ್ ಹಾಕಿ ಕೈ ತೊಳ್ಕೊಂಡರೆ ಆಗೋದಿಲ್ಲ.

ಸಂಪಾದಕ ತಾನು ಒಪ್ಪದ ಪಾಠವನ್ನು ಹರಿದು ಒಗೆಯುವುದಿಲ್ಲ, ಅಡಿಟಿಪ್ಪಣಿಯಲ್ಲಿ ಕೊಡುತ್ತಾನೆ. ಬಿಚ್ಚಿದ ಡ್ರಮ್ಮಿಗೆ ಎಣ್ಣೆ ಸವರಿ, ಕಟ್ಟಿ, ಚೀಟಿ ಹಚ್ಚಿ ಇಡಬೇಕು. ಯಾವ ವರ್ಷ, ಯಾವ ಭಾಗ, ಯಾಕೆ ಬದಲಾಯಿತು ಅನ್ನೋದನ್ನು ಬರೆದು ಕಾರಿನ ಕಾಗದಪತ್ರದ ಜೊತೆ ಇಡಬೇಕು. ಮುಂದಿನವರಿಗೆ ಹಳೆಯ ಪಾಠ ಬೇಕಾದರೆ ಅದು ಸಿಗಬೇಕು. ಅಲ್ಲಿಯವರೆಗೆ ಕಾರು ನಿಲ್ಲಬೇಕಾದ ಕಡೆ ನಿಲ್ಲಬೇಕು.